ಮಾರಗೇರಿಯ ಕಲ್ಲುಬಾನಿ

ಈ ವರ್ಷದ ಕ್ರೀಡಾಕೂಟದ ಬೆಳಿಗ್ಗೆ ನಮ್ಮ ಶಾಲೆಯ ಜವಾನ ಮೈದಾನದಲ್ಲಿ ಓಟದ ಗೆರೆ ಎಳೆಯುತ್ತಿದ್ದ. ತಗಡಿನ ಡಬ್ಬಿಯ ತಳಕ್ಕೆ ತೂತು ಹೊಡೆದು, ಸುಣ್ಣದ ಪುಡಿ ತುಂಬಿ, ಡಬ್ಬಿಯನ್ನು ತಟ್ಟುತ್ತ ಹಿಂದಹಿಂದಕ್ಕೆ ನಡೆಯುತ್ತಿದ್ದ. ಗಾಳಿ ನನ್ನ ಕಡೆಗಿತ್ತು. ಪುಡಿ ಮೂಗಿಗೇರಿ ಎರಡು ಸಲ ಸೀನಿದೆ. ಪಕ್ಕದಲ್ಲಿದ್ದ ಗಣಿತದ ಶಿಕ್ಷಕಿ ಏನೋ ಕೇಳಿದರು, ನನಗೆ ಕೇಳಿಸಲಿಲ್ಲ. ಇಂಡಿ ಪಟ್ಟಣದ ಮೈದಾನದಲ್ಲಿ ನಿಂತಿದ್ದವಳು ಮುದ್ದೇಬಿಹಾಳದ ಒಂದು ಹಳೆಯ ಶಾಲೆಯ ಅಂಗಳಕ್ಕೆ ಹೋಗಿಬಿಟ್ಟಿದ್ದೆ. ಮೂರು ವರ್ಷದ ಹಿಂದಿನ ಬೇಸಿಗೆ ಅದು. ಅಲ್ಲಿಯೂ ಇದೇ ಪುಡಿ, ಇದೇ ವಾಸನೆ. ಆದರೆ ಅಲ್ಲಿ ಎಳೆದದ್ದು ಓಟದ ಗೆರೆಯಲ್ಲ, ನೀರಲ್ಲಿ ಮುಳುಗಿದ ಒಂದು ಊರಿನ ಓಣಿಗಳು.

ಆಗ ನಾನು ಮುದ್ದೇಬಿಹಾಳದಲ್ಲಿ ಚಿತ್ರಕಲೆಯ ಶಿಕ್ಷಕಿ. ಗಂಡ, ಅತ್ತೆ, ಮಗಳು ಎಲ್ಲ ಇಂಡಿಯಲ್ಲಿ. ನಾನೊಬ್ಬಳು ವರ್ಗವಾಗಿ ಬಂದು ಒಂದು ಕೋಣೆ ಹಿಡಿದಿದ್ದೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತುವುದು, ಸೋಮವಾರ ನಸುಕಿನಲ್ಲಿ ಮರಳುವುದು. ಆ ವರ್ಷ ಬೇಸಿಗೆ ರಜೆ ಬಿಟ್ಟರೂ ಪೂರಕ ಪರೀಕ್ಷೆಯ ಕೆಲಸ ಹಚ್ಚಿದ್ದರಿಂದ ಊರಿಗೆ ಹೋಗಲಾಗಲಿಲ್ಲ. ಬೆಳಿಗ್ಗೆ ಎರಡು ತಾಸಿನ ಕೆಲಸ. ಆಮೇಲೆ ಇಡೀ ದಿನ ಬಿಸಿಲು, ತಗಡಿನ ಛಾವಣಿ ಮತ್ತು ನಾನು.

ಲಾಲಸಾಬ ಮಾಸ್ತರರು ನನ್ನನ್ನು ಹುಡುಕಿಕೊಂಡು ಬಂದದ್ದು ಅಂಥ ಒಂದು ಮಧ್ಯಾಹ್ನ. ಎಪ್ಪತ್ತೈದು ದಾಟಿದ, ನಿವೃತ್ತ ಪ್ರಾಥಮಿಕ ಶಾಲೆಯ ಶಿಕ್ಷಕರು. ಬಿಳಿ ಪೈಜಾಮ, ಬಿಳಿ ಟೋಪಿ, ಜೇಬಿನಲ್ಲಿ ಎರಡು ಪೆನ್ನು. ಹಳೆಯ ಕನ್ನಡ ಶಾಲೆಯ ಎರಡು ಕೋಣೆಗಳಲ್ಲಿ ಅವರು ಒಂದು ವಸ್ತು ಸಂಗ್ರಹಾಲಯ ಮಾಡಿದ್ದರು. ಊರವರು ಅದನ್ನು 'ಮಾಸ್ತರ ಮ್ಯೂಸಿಯಂ' ಅನ್ನುತ್ತಿದ್ದರು.

"ಅಕ್ಕಾರ, ನಿಮಗ ಚಿತ್ರಾ ತಗ್ಯಾಕ ಬರ್ತೈತಲ್ರಿ? ನನ್ನ ಸಾಮಾನ ಒಂದೀಟು ನೋಡಬರ್ರಿ," ಅಂದರು.

"ಫೋಟೋ ಹೊಡದ್ರ ಆಗೂದಿಲ್ಲೇನ್ರಿ ಸರ್?"

"ಫೋಟೋ ಮೊಬೈಲದಾಗ ಅದಾವ್ರಿ. ಮೊಬೈಲ್ ಕೆಟ್ಟರ ಹೋತು. ನನಗ ಕಾಗದದ ಮ್ಯಾಲ ಬೇಕು. ಫೋಟೋ ತಗ್ಯಾವ್ರು ವಸ್ತು ನೋಡೂದಿಲ್ಲ. ಚಿತ್ರಾ ತಗ್ಯಾವ್ರು ನೋಡಲೇಬೇಕಾಗ್ತೈತಿ."

ಈ ಮಾತು ನನ್ನನ್ನು ಎಳೆದುಕೊಂಡು ಹೋಯಿತು. ಎರಡು ಕೋಣೆಗಳ ತುಂಬ ವಸ್ತುಗಳು. ಕೂರಿಗೆಯ ಬಟ್ಟಲು, ಸೇರು ಪಾವುಗಳು, ಕುದುರೆಯ ಲಾಳ, ಮೊಳ ಉದ್ದದ ಬೀಗ, ಹಿತ್ತಾಳೆಯ ಪಾನದಾನಿ. ಹೆಚ್ಚಿನವು ಕೃಷ್ಣೆಯ ಅಣೆಕಟ್ಟಿನ ಹಿನ್ನೀರಲ್ಲಿ ಹೋದ ಊರುಗಳಿಂದ ಬಂದವು. ಜನ ಹೊಸ ಊರಿಗೆ ಹೋಗುವಾಗ ಎತ್ತಿಕೊಂಡು ಹೋಗಿ, ಆಮೇಲೆ ಹೊಸ ಮನೆಯಲ್ಲಿ ಇಡಲು ಜಾಗವಿಲ್ಲದೆ ಮಾಸ್ತರರಿಗೆ ಕೊಟ್ಟವು. ಎಲ್ಲಕ್ಕಿಂತ ದೊಡ್ಡದು ಮೊದಲ ಕೋಣೆಯ ಗೋಡೆಗೆ ನಿಲ್ಲಿಸಿದ್ದ ಒಂದು ಬಾಗಿಲು. ಹಳೇ ಮಾರಗೇರಿಯ ಗೌಡರ ವಾಡೆಯದು. ತೇಗದ ಚೌಕಟ್ಟಿನ ತುಂಬ ಗಿಳಿ, ಬಳ್ಳಿ, ಮೀನು, ಆನೆಗಳ ಕೆತ್ತನೆ. ತಾಳಿಕೋಟೆ ಕಡೆಯ ಶಾಲೆಗಳಿಂದ ಮಕ್ಕಳನ್ನು ಕರೆತಂದರೆ ಮೊದಲು ನಿಲ್ಲುತ್ತಿದ್ದದ್ದು ಆ ಬಾಗಿಲ ಮುಂದೆ. ಮಾಸ್ತರರು ತಿಂಗಳಿಗೊಮ್ಮೆ ಅದಕ್ಕೆ ಅಗಸೆ ಎಣ್ಣೆ ಒರೆಸುತ್ತಿದ್ದರು, ಮಗುವಿಗೆ ಎಣ್ಣೆ ಹಚ್ಚಿದ ಹಾಗೆ.

ದಿನಕ್ಕೆ ನಾಲ್ಕೈದು ವಸ್ತು ಬರೆಯುತ್ತ ಹೋದೆ. ಟೇಪು ಹಿಡಿದು ಅಳತೆ, ಪೆನ್ಸಿಲ್ಲಿನಲ್ಲಿ ಚಿತ್ರ, ಕೆಳಗೆ ಮಾಸ್ತರರ ದುಂಡನೆಯ ಅಕ್ಷರದಲ್ಲಿ ವಿವರ. ಒಂಬತ್ತೋ ಹತ್ತೋ ದಿನವಾದ ಮೇಲೆ ಮೂಲೆಯಲ್ಲಿದ್ದ ಕಲ್ಲುಬಾನಿಯ ಸರದಿ ಬಂತು. ಕರಿಕಲ್ಲಿನದು; ಮೂವತ್ತೆಂಟು ಅಂಗುಲ ಉದ್ದ, ಹದಿನೇಳು ಅಂಗುಲ ಅಗಲ. ಮೇಲೆ ಚೀಟಿ: 'ದನಗಳಿಗೆ ನೀರುಣಿಸುವ ಬಾನಿ. ಹಳೇ ಮಾರಗೇರಿ. ಕೊಟ್ಟವರು ಶಿವನಗೌಡರು.'

ನನ್ನ ತವರು ಸಿಂದಗಿ ತಾಲೂಕಿನ ದೇವಣಗಾಂವ. ದನದ ಬಾನಿಗಳನ್ನು ನೋಡುತ್ತಲೇ ಬೆಳೆದವಳು ನಾನು. ಎತ್ತು ಎಮ್ಮೆಗಳು ಎರಡೂ ಕಡೆಯಿಂದ ಕೊರಳು ಚಾಚಿ ಕುಡಿಯುತ್ತವೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಬಾನಿಯ ಅಂಚೆಲ್ಲ ಕನ್ನಡಿಯ ಹಾಗೆ ನುಣುಪಾಗಿರುತ್ತದೆ. ಇದು ಹಾಗಿರಲಿಲ್ಲ. ಒಂದು ಉದ್ದನೆಯ ಅಂಚು ಕಲ್ಲುಕುಟಿಗ ಬಿಟ್ಟು ಹೋದಾಗ ಹೇಗಿತ್ತೋ ಹಾಗೇ ಒರಟು. ಎದುರಿನ ಅಂಚಿನಲ್ಲಿ ಮೂರು ತಗ್ಗುಗಳು, ಒಂದೊಂದೂ ಒಂದು ಗೇಣು ಅಗಲ, ಸಮಸಮ ದೂರದಲ್ಲಿ. ಬಾನಿಯ ತಳದ ತುಂಬ ಲೋಹದಿಂದ ಗೀಚಿದಂಥ ಸಣ್ಣ ಗೀರುಗಳು. ನೀರಿನ ಬಿಳಿ ಕಲೆ ಮಾತ್ರ ಒಂದೇ ತುದಿಯಲ್ಲಿ, ಮೇಲಿನಿಂದ ಧಾರೆ ಬಿದ್ದಂತೆ.

ಪೆನ್ಸಿಲ್ಲು ಆ ತಗ್ಗುಗಳ ಮೇಲೆ ಹೋದಾಗಲೆಲ್ಲ ಕೈ ನಿಲ್ಲುತ್ತಿತ್ತು.

"ಸರ್, ಇದು ದನದ ಬಾನಿ ಅಲ್ಲ ಅನಸ್ತೈತ್ರಿ," ಅಂದೆ.

ಮಾಸ್ತರರು ಬಾಗಿಲಿಗೆ ಎಣ್ಣೆ ಒರೆಸುತ್ತಿದ್ದರು. "ಒಂದ ಕಡೆಯಿಂದ ಕುಡದಿರಬೇಕ್ರಿ," ಅಂದರು, ನನ್ನ ಕಡೆ ತಿರುಗದೆ.

"ದನ ಕುಡದ್ರ ತಳದಾಗ ಗೀರು ಹೆಂಗ ಬೀಳ್ತಾವ್ರಿ?"

ಅವರು ಬಟ್ಟೆಯನ್ನು ಮತ್ತೆ ಎಣ್ಣೆಯಲ್ಲಿ ಅದ್ದಿದರು. ವಯಸ್ಸಾದವರು, ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ. ಆದರೆ ಆ ಬಾನಿ ನನ್ನ ತಲೆಯಲ್ಲಿ ಕೂತಿತು. ಕೋಣೆಗೆ ಬಂದು ಅಕ್ಕಿ ತೊಳೆಯುವಾಗಲೂ ಅದೇ ಯೋಚನೆ. ಯಾರು ನಿಂತಿದ್ದರು ಅಲ್ಲಿ? ಮೂರೇ ಮೂರು ತಗ್ಗು ಯಾಕೆ? ಆ ಇನ್ನೊಂದು ಬದಿಗೆ ಯಾರೂ ಯಾಕೆ ಹೋಗಲಿಲ್ಲ?

ಊರಿನ ನಕಾಶೆ ಮಾಡುವ ಯೋಚನೆ ಹುಟ್ಟಿದ್ದು ಅದರಿಂದಲೇ. ವಸ್ತು ಎಲ್ಲಿತ್ತು ಅಂತ ಗೊತ್ತಾದರೆ ಏನಿತ್ತು ಅಂತಲೂ ಗೊತ್ತಾದೀತು ಅಂದೆ. ಮಾಸ್ತರರು ಒಪ್ಪಿದರು. ಹೊಸ ಮಾರಗೇರಿಗೆ, ಅಂದರೆ ಸರಕಾರ ಕಟ್ಟಿಕೊಟ್ಟ ಪುನರ್ವಸತಿಯ ಊರಿಗೆ, ಹೇಳಿ ಕಳಿಸಿದರು. ಒಂದು ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಮಂದಿ ಹಿರಿಯರು ಬಂದರು. ಎಲ್ಲರಿಗಿಂತ ಮುಂದೆ ಶಿವನಗೌಡರು. ಎತ್ತರದ ಆಳು, ಇಸ್ತ್ರಿ ಮಾಡಿದ ಧೋತರ, ಕೈಯಲ್ಲಿ ಬೆತ್ತ.

ಅಂಗಳ ಗುಡಿಸಿ ನೀರು ಹೊಡೆದಿದ್ದೆ. ಡಬ್ಬಿಯಲ್ಲಿ ಸುಣ್ಣದ ಪುಡಿ. ಅವರು ಹೇಳಿದಂತೆ ನಾನು ಗೆರೆ ಎಳೆಯಬೇಕು. ಮೊದಲು ಹೊಳೆ, ಆಮೇಲೆ ಊರ ಬಾಗಿಲಾದ ಅಗಸಿ, ಆಮೇಲೆ ಹಿರೇ ಓಣಿ. ಅರ್ಧ ತಾಸಿನಲ್ಲಿ ಡಬ್ಬಿ ನನ್ನ ಕೈಯಿಂದ ಹೋಯಿತು.

"ಏ ಅಲ್ರೀ, ಗುಡಿ ಇಷ್ಟ ಈ ಕಡೆ ಎಲ್ಲಿತ್ತು? ನಮ್ಮ ಕಟ್ಟಿ ಮ್ಯಾಲ ಕುಂತ್ರ ಬಾಗಲಾ ಕಾಣ್ತಿತ್ತು!"

"ನಿನ್ನ ಕಟ್ಟಿ ಮ್ಯಾಲ ಕುಂತ್ರ ನಿಮ್ಮಪ್ಪನ ಬೀಡಿ ಹೊಗಿ ಬಿಟ್ರ ಏನ್ ಕಾಣ್ತಿತ್ತೋ?"

ನಕ್ಕರು, ಜಗಳಾಡಿದರು, ಕಾಲಿಂದ ಗೆರೆ ಅಳಿಸಿ ಮತ್ತೆ ಎಳೆದರು. ಒಬ್ಬ ಅಜ್ಜಿ ತನ್ನ ಮನೆಯ ಚೌಕದೊಳಗೆ ಹೋಗಿ, ಒಲೆಯಿದ್ದ ಜಾಗದಲ್ಲಿ ಕೂತು, ಎಡಗೈ ಚಾಚಿ "ಇಲ್ಲಿ ರೊಟ್ಟಿ ಬುಟ್ಟಿ" ಅಂದರು. ಶಿವನಗೌಡರು ತಮ್ಮ ವಾಡೆಯ ಚೌಕದ ಮೂಲೆಯಲ್ಲಿ ಬೆತ್ತ ಊರಿ, "ಇಲ್ಲಿ ನಮ್ಮವ್ವನ ತುಳಸಿಕಟ್ಟಿ," ಅಂದರು, ಬೆತ್ತವನ್ನು ಬಹಳ ಹೊತ್ತು ಅಲ್ಲಿಂದ ಎತ್ತಲಿಲ್ಲ. ನಾನು ತಲೆ ತಗ್ಗಿಸಿ ಬರೆದುಕೊಂಡೆ. ವಾಡೆಯ ಹಿಂದೆ ಅವರದೇ ಬಾವಿ, ಬಾವಿಯ ಸುತ್ತ ಗೋಡೆ. ಅದೂ ಗೆರೆಯಾಗಿ ಬಂತು.

ಆಮೇಲೆ ಮ್ಯೂಸಿಯಮ್ಮಿನ ವಸ್ತುಗಳನ್ನು ಒಂದೊಂದಾಗಿ ಹೆಸರಿಸಿದೆ. ಬೀಗ ಈ ಮನೆಯದು, ಪಾನದಾನಿ ಆ ಮನೆಯದು, ಲಾಳ ಅಗಸಿಯ ಹತ್ತಿರದ ಕಮ್ಮಾರನದು. ಎಲ್ಲಕ್ಕೂ ಜಾಗ ಸಿಕ್ಕಿತು.

"ಕಲ್ಲುಬಾನಿ ಎಲ್ಲಿತ್ರಿ?" ಅಂದೆ.

ಇಷ್ಟು ಹೊತ್ತು ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತಿದ್ದವರು ಸುಮ್ಮನಾದರು. ಗೌಡರು, "ಬಾವಿ ಹತ್ರ ಎಲ್ಲೋ ಇತ್ತು," ಅಂದರು.

"ಗ್ವಾಡಿ ಒಳಗೋ ಹೊರಗೋ?"

"ನೆನಪಿಲ್ಲ ಬಿಡ್ರಿ."

ಗೋಡೆಯ ಮೂಡಣ ಬದಿಗೆ ನೋಡಿದೆ. ಅಲ್ಲಿ ಅಂಗಳ ಹಾಗೇ ಖಾಲಿ ಇತ್ತು. ಮಿಕ್ಕ ಮೂರು ದಿಕ್ಕಿಗೂ ಮನೆಗಳು ಒತ್ತಿಕೊಂಡು ಬಂದಿದ್ದವು. ಆ ಕಡೆ ಒಂದು ಗೆರೆಯೂ ಇರಲಿಲ್ಲ. "ಈ ಕಡೆ ಏನಿತ್ರಿ?" ಅಂತ ಕೇಳಿದೆ.

"ಅಲ್ಲೇನ್ ಇದ್ದಿದ್ದಿಲ್ರಿ," ಅಂದರು ಯಾರೋ. ಒಲೆ ತೋರಿಸಿದ ಅಜ್ಜಿ ಸೆರಗು ಸರಿಪಡಿಸಿಕೊಂಡರು. ಚಹಾ ಬಂತು, ಕುಡಿದರು, ಹೋದರು.

ಮಾಸ್ತರರು ಮತ್ತು ನಾನು ಮೆಟ್ಟಿಲ ಮೇಲೆ ಕೂತಿದ್ದೆವು. ಅಂಗಳದಲ್ಲಿ ಬಿಳಿ ಊರು ಬಿಸಿಲಿಗೆ ಹೊಳೆಯುತ್ತಿತ್ತು. ಅವರು ಕಪ್ಪು ಕೆಳಗಿಟ್ಟರು.

"ಅಲ್ಲಿ ಓಣಿ ಇತ್ರಿ ಅಕ್ಕಾರ. ಹರಿಜನ ಕೇರಿ ಅಂತಿದ್ರು. ನಾ ಆ ಊರಾಗ ಎರಡು ವರ್ಷ ಸಾಲಿ ಕಲಿಸೇನಿ, ಇಪ್ಪತ್ತು ವರ್ಷದವ ಇದ್ದಾಗ. ನನ್ನ ಸಾಲಿಗೆ ಆ ಓಣಿಯಿಂದ ಐದು ಹುಡುಗೂರು ಬರ್ತಿದ್ರು."

"ಹಂಗಾದ್ರ ಯಾಕ ಹೇಳ್ಲಿಲ್ರಿ?"

"ಬಾನಿ ಚೀಟಿ ನಾನ ಬರದದ್ರಿ," ಅಂದರು. ನನ್ನ ಪ್ರಶ್ನೆಗೆ ಅದೇ ಉತ್ತರ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರೇ, "ಶಾಂತಾ ಅಂತ ಒಬ್ಬಾಕಿ ಇದ್ಲು. ಭಾಳ ಶಾಣ್ಯಾ. ಮುಂದ ನರ್ಸ್ ಆದ್ಲು. ಈಗ ಬಾಗೇವಾಡ್ಯಾಗ ಅದಾಳ. ನಾಳಿ ಹೋಗೂಣು," ಅಂದರು.

ಬಸವನ ಬಾಗೇವಾಡಿಗೆ ಹೋಗುವ ಬಸ್ಸಿನಲ್ಲಿ ಮಾಸ್ತರರು ನನ್ನ ಪಕ್ಕ ಕೂತಿದ್ದರು. ನನ್ನ ತೊಡೆಯ ಮೇಲೆ ಚಿತ್ರದ ಪುಸ್ತಕ. ಕಿಟಕಿಯ ಹೊರಗೆ ತೊಗರಿ ಕೊಯ್ದ ಕರಿ ಹೊಲಗಳು ಬಾಯಿಬಿಟ್ಟು ಮಲಗಿದ್ದವು.

ಶಾಂತಾಬಾಯಿಯವರ ಮನೆ ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷದ ನಡಿಗೆ. ಮುಂದಿನ ಕೋಣೆಯಲ್ಲಿ ಬುದ್ಧನ ಬಿಳಿ ಮೂರ್ತಿ, ಬಾಬಾಸಾಹೇಬರ ಫೋಟೋ, ಕೆಲಸದಿಂದ ನಿವೃತ್ತರಾದಾಗ ಕೊಟ್ಟ ಗಡಿಯಾರ. ಅರವತ್ತೈದರ ಹೆಂಗಸು, ದಪ್ಪ ಗಾಜಿನ ಚಾಳೀಸು, ನೇರ ಬೆನ್ನು. ಮಾಸ್ತರರನ್ನು ಕಂಡು ಕಾಲು ಮುಟ್ಟಲು ಬಗ್ಗಿದರು. ಮಾಸ್ತರರು ಹಿಂದೆ ಸರಿದರು.

ನಾನು ಪುಸ್ತಕ ತೆರೆದು ಬಾನಿಯ ಚಿತ್ರ ಮುಂದಿಟ್ಟೆ. ಅವರು ಚಾಳೀಸು ಒರೆಸಿ ಹಾಕಿಕೊಂಡು ನೋಡಿದರು. ಆಮೇಲೆ ನಡುವಿನ ತಗ್ಗಿನ ಮೇಲೆ ಬೆರಳಿಟ್ಟರು.

"ಇದು ನಮ್ಮವ್ವ ಕೊಡಾ ಇಡತಿದ್ದ ಜಾಗಾ."

ಅವರು ಮುಂದುವರಿಸಿದರು. "ಗ್ವಾಡ್ಯಾಗ ಒಂದು ಕಲ್ಲಿನ ತೂಬು ಇತ್ರಿ. ಗ್ವಾಡಿ ಒಳಗ ಬಾವಿ, ಹೊರಗ ಈ ಬಾನಿ. ಒಳಗ ಹೋಗೂಹಂಗಿದ್ದಿಲ್ಲ. ಹೊರಗ ನಿಂತು 'ನೀರವ್ವೋ' ಅಂತ ಕೂಗಬೇಕು. ಸೇದಾಕ ಬಂದವರಿಗೆ ಮನಸ್ಸು ಬಂದ್ರ ತೂಬಿನಾಗ ಎರಡು ಕೊಡಾ ಸುರವತಿದ್ರು. ಬಾನಿಗೆ ಬಿದ್ದದ್ದು ನಾವು ತಂಬಗಿಲೆ ಬಳದು ಬಳದು ತುಂಬಕೋಬೇಕು. ಕೈ ಕಾಣ್ತಿದ್ದಿಲ್ರಿ. ನೀರ ಬರೂದಷ್ಟ ಕಾಣ್ತಿತ್ತು."

ತಳದ ಗೀರುಗಳು ತಂಬಿಗೆಗಳದೆಂದು ನನಗೆ ಆಗ ಗೊತ್ತಾಯಿತು. ಕುತೂಹಲ ತಣಿದಾಗ ಖುಷಿಯಾಗಬೇಕು. ನನಗೆ ನಾನು ಬರೆದ ಚಿತ್ರದ ಕಡೆ ನೋಡಲು ಆಗಲಿಲ್ಲ.

"ಒಬ್ಬಾಕಿ ಮಾತ್ರ ಒಳಗಿಂದ 'ತುಂಬಿತೇನಬೇ?' ಅಂತ ಕೇಳ್ತಿದ್ಲು," ಅಂದರು ಶಾಂತಾಬಾಯಿ. "ಇಲ್ಲ ಅಂದ್ರ ಮತ್ತ ಎರಡು ಕೊಡಾ ಹಾಕ್ತಿದ್ಲು."

"ಯಾರ್ರಿ ಆಕಿ?" ನಾನು ಕೇಳಿಯೇಬಿಟ್ಟೆ.

"ಯಾರಂತ ನಾ ಆವಾಗ ಕೇಳಿಲ್ಲ. ಈಗೂ ಬ್ಯಾಡ್ರಿ. ನೀವು ಆಕಿ ಹೆಸರು ಹುಡುಕಿ, ಫೋಟೋ ಹಾಕಿ, ಆಕಿಗೆ ಹಾರಾ ಹಾಕೂದು ಬ್ಯಾಡ." ಆಮೇಲೆ ಮಾಸ್ತರರ ಕಡೆ ತಿರುಗಿದರು. "ಸರ್, ಮ್ಯೂಸಿಯಂದಾಗ ಇದರ ಮ್ಯಾಲ ಏನಂತ ಬರದೈತ್ರಿ?"

"ದನದ ಬಾನಿ ಅಂತ."

"ಬರದವ್ರು?"

"ನಾನವಾ."

"ನೀವು ನನ್ನ ಸಾಲಿ ಹೊರಗ ಕೂಡಸ್ಲಿಲ್ರಿ. ಎಲ್ಲಾರ ಕೂಡ ಕೂಡಿಸಿದ್ರಿ. ಅದಕ್ಕ ಕೇಳಾಕತ್ತೇನಿ. ಬ್ಯಾರೇದವ್ರು ಬರದಿದ್ರ ಕೇಳ್ತಿದ್ದಿಲ್ಲ."

ಮಾಸ್ತರರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. "ಗೌಡ್ರು ವಾಡೇದ ಬಾಗಲಾ ಕೊಟ್ರು. ಅಂಥಾ ಬಾಗಲಾ ಈ ಸೀಮ್ಯಾಗ ಎಲ್ಲೂ ಇಲ್ಲ. ಅದರ ಕೂಡ ಈ ಬಾನಿ ಬಂತು. ಏನಂತ ಬರೀಲಿ ಅಂದೆ. ದನದ್ದು ಅಂದ್ರು. ಬರದೆ. ನನಗ ಗೊತ್ತಿತ್ತವಾ ಶಾಂತಾ. ಗೊತ್ತಿದ್ದ ಬರದೆ."

ಶಾಂತಾಬಾಯಿ ಎದ್ದು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು. ಬಹಳ ಹೊತ್ತು ತೆಗೆದುಕೊಂಡರು. ಕುಡಿದಾದ ಮೇಲೆ ಬೇರೆಯೇ ಮಾತು ತೆಗೆದರು. "ಒಳಗ ಬಾವಿ ಹೆಂಗಿತ್ತೋ ನನಗ ಗೊತ್ತಿಲ್ರಿ. ಎಷ್ಟು ದೊಡ್ಡದಿತ್ತು, ಮೆಟ್ಲಾ ಇದ್ವೋ ಗಾಲಿ ಇತ್ತೋ. ಸಣ್ಣಾಕಿ ಇದ್ದಾಗ ನಾ ಅದನ್ನ ಕೆರಿಯಷ್ಟು ದೊಡ್ಡದು ಮಾಡ್ಕೊಂಡಿದ್ದೆ ಮನಸಿನಾಗ. ಊರು ಬಿಡೂ ಮುಂದ ಒಮ್ಮಿ ನೋಡಬೇಕಂತಿದ್ದೆ. ಆವಾಗ ಸಿಂದಗಿ ಕಡೆ ನೌಕರಿ. ನಾ ಬರೂದ್ರಾಗ ನೀರ ಬಂದಿತ್ತು."

ವಾಪಸು ಬಂದ ಸಂಜೆಯೇ ಮಾಸ್ತರರು ಬಾನಿಯ ಮೇಲಿನ ಚೀಟಿ ಕಿತ್ತರು. ಹೊಸದನ್ನು ಬರೆದು ಹಚ್ಚುವ ಮೊದಲು ಗೌಡರಿಗೆ ಫೋನು ಮಾಡಿ ತಿಳಿಸಿದರು. ಕೊಟ್ಟವರಿಗೆ ಮೊದಲು ತಿಳಿಸುವುದು ಧರ್ಮ ಅಂದರು. ಗೌಡರು ಗುರುವಾರ ಬರುತ್ತೇನೆ ಅಂದರಂತೆ. ಶಾಂತಾಬಾಯಿಗೂ ಹೇಳಿದೆವು, ಬಾನಿ ನೋಡಬೇಕು ಅಂತ ಅವರೂ ಅದೇ ದಿನ ಬಂದರು.

ಹಾಗೆ ಮೂವರೂ ಒಂದೇ ಕೋಣೆಯಲ್ಲಿ. ಗೌಡರು ಕುರ್ಚಿಯಲ್ಲಿ, ಬೆನ್ನ ಹಿಂದೆ ಅವರದೇ ಬಾಗಿಲು. ಶಾಂತಾಬಾಯಿ ಬಾನಿಯ ಪಕ್ಕ ನಿಂತಿದ್ದರು, ಅದನ್ನು ಮುಟ್ಟಿರಲಿಲ್ಲ. ಮಾಸ್ತರರು ಅವರ ಗುರುತು ಹೇಳಹೊರಟಾಗ ಗೌಡರು "ಗೊತ್ತೈತಿ" ಅಂದರು, ಅಷ್ಟೇ. ಮಾಸ್ತರರು ಹೊಸ ಚೀಟಿ ಓದಿದರು: 'ಗೌಡರ ಬಾವಿಯ ಗೋಡೆಯ ಹೊರಗಿದ್ದ ಬಾನಿ. ಬಾವಿಗೆ ಬಿಡದ ಕೇರಿಯ ಹೆಂಗಸರು ಇದರಿಂದ ನೀರು ತುಂಬಿಕೊಳ್ಳುತ್ತಿದ್ದರು.'

"ಮಾಸ್ತರ್ರ, ನಮ್ಮ ಮನಿ ಹೆಸರು ಕೆಡಸ್ರಿ ಅಂತ ನಾ ನಿಮಗ ವಸ್ತು ಕೊಟ್ಟಿಲ್ಲ," ಅಂದರು ಗೌಡರು.

"ಹೆಸರು ಕೆಡಸಾಕತ್ತಿಲ್ರಿ ಗೌಡ್ರ. ಇದ್ದದ್ದು ಬರ್ಯಾಕತ್ತೇನಿ."

ಗೌಡರು ಬೆತ್ತದ ತುದಿಯಿಂದ ನೆಲದ ಮೇಲೆ ಏನೋ ಗೀಚಿದರು. ಸಿಟ್ಟಿನ ಮನುಷ್ಯ ಅಂತ ಕೇಳಿದ್ದೆ, ಆದರೆ ಆಗ ಸಿಟ್ಟಿಗಿಂತ ಆಯಾಸ ಹೆಚ್ಚು ಕಂಡಿತು. "ಆತು. ಬರೀರಿ. ಆದ್ರ ಗೌಡರ ಬಾವಿ ಅಂತ ಬ್ಯಾಡ. ಊರ ಬಾವಿ ಅಂತ ಬರೀರಿ. ಇಡೀ ಊರ ಹಂಗ ನಡೀತಿತ್ತು. ಎಲ್ಲಾರೂ ಕೂಡಿ ಮಾಡಿದ್ದು ನಮ್ಮೊಂದು ಮನಿ ಮ್ಯಾಲ ಯಾಕ? ಅಷ್ಟ ಒಂದು ಮಾತು ಬದ್ಲಿ ಮಾಡ್ರಿ. ಬಾಗಲಾ ಇಲ್ಲೇ ಇರಲಿ, ಬಾನಿನೂ ಇರಲಿ."

ನಿಜ ಹೇಳಬೇಕೆಂದರೆ, ಅದರಲ್ಲೇನು ತಪ್ಪು ಅಂತ ನನಗೆ ಒಂದು ಕ್ಷಣ ಅನಿಸಿತು. ಇಡೀ ಊರು ಮಾಡಿದ್ದು ಹೌದಲ್ಲ? ಒಂದು ಪದ ಬದಲಿಸಿದರೆ ಎಲ್ಲವೂ ಉಳಿಯುತ್ತದೆ. ಮಾಸ್ತರರೂ ಹಾಗೇ ಯೋಚಿಸಿದ್ದರೋ ಏನೋ, ಅವರ ಕಣ್ಣು ಬಾಗಿಲ ಗಿಳಿಗಳ ಮೇಲೆ ಹೋಗಿ ಬಂತು. ಆಮೇಲೆ ಅವರು ಶಾಂತಾಬಾಯಿಯ ಕಡೆ ನೋಡಿದರು.

"ಊರ ಬಾವಿ ಆಗಿದ್ರ ನಾವೂ ಸೇದತಿದ್ವಲ್ರಿ, ಗೌಡ್ರ," ಅಂದರು ಶಾಂತಾಬಾಯಿ. ದನಿ ಏರಿಸಲಿಲ್ಲ. ಆಸ್ಪತ್ರೆಯಲ್ಲಿ ರೋಗಿಗೆ ಮಾತ್ರೆಯ ಲೆಕ್ಕ ಹೇಳುವ ಹಾಗೆ ಹೇಳಿದರು.

ಗೌಡರು ಅವರ ಮುಖ ನೋಡಲಿಲ್ಲ. ಬೆತ್ತ ಊರಿ ಎದ್ದರು. "ಹಂಗಾದ್ರ ನನ್ನ ಬಾಗಲಾ ನನಗ ಕೊಡ್ರಿ, ಮಾಸ್ತರ್ರ."

"ಒಯ್ರಿ," ಅಂದರು ಮಾಸ್ತರರು.

ಎರಡು ದಿನದಲ್ಲಿ ಟ್ರ್ಯಾಕ್ಟರು ಬಂತು. ನಾಲ್ಕು ಮಂದಿ ಬಾಗಿಲನ್ನು ಇಳಿಸುವಾಗ ಮಾಸ್ತರರು ಪಕ್ಕದಲ್ಲಿದ್ದು ಕೈ ಹಚ್ಚಿದರು. ಹುಲ್ಲು ಹಾಸಿಸಿದರು, ಚೌಕಟ್ಟಿನ ಮೂಲೆಗಳಿಗೆ ಗೋಣಿಚೀಲ ಸುತ್ತಿಸಿದರು. "ಎಡಗಡೆ ಕೆಳಗ ಹುಳಾ ಹತ್ತಾಕ ಸುರು ಆಗೈತ್ರಿ. ತಿಂಗಳಿಗೊಮ್ಮಿ ಅಗಸಿ ಎಣ್ಣಿ ಹಚ್ಚಸ್ರಿ," ಅಂತ ಗೌಡರಿಗೆ ಹೇಳಿದರು. ಗೌಡರು "ಹೂಂ" ಅಂದರು. ಟ್ರ್ಯಾಕ್ಟರು ತಿರುವು ದಾಟುವವರೆಗೂ ನೋಡುತ್ತ ನಿಂತಿದ್ದ ಮಾಸ್ತರರು ಒಳಗೆ ಬಂದು, ಗಮ್ ಬಾಟಲಿ ಹುಡುಕಿ, ಬಾನಿಗೆ ಹೊಸ ಚೀಟಿ ಅಂಟಿಸಿದರು. ಅಂಟುವವರೆಗೂ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದರು. ಆ ವರ್ಷ ಶಾಲೆಗಳಿಂದ ಬರುವವರು ಕಡಿಮೆಯಾದರು. ಬಾಗಿಲು ಇಲ್ಲವಂತೆ ಅಂತ ಸುದ್ದಿ ಹೋಗಿತ್ತು. ಚೀಟಿ ಈಗಲೂ ಇದೆ.

ನಕಾಶೆಯ ಮೂಡಣ ಬದಿ ಮಾತ್ರ ಆ ಬೇಸಿಗೆಯಲ್ಲಿ ಇನ್ನೂ ಖಾಲಿಯಿತ್ತು. ಶಾಂತಾಬಾಯಿ ನೆನಪಿನಿಂದ ಹೇಳುತ್ತೇನೆ ಅಂದರು. ಆದರೆ ಹೇಳುತ್ತ ಹೇಳುತ್ತ ಮನೆಗಳ ಸಾಲು ತಪ್ಪಿತು. ಆಗ ಮಾಸ್ತರರೇ, "ಈ ವರ್ಷ ನೀರು ಭಾಳ ಕೆಳಗ ಹೋಗೈತಿ. ಹಳೇ ಊರ ತೇಲೇತಂತ," ಅಂದರು. ಬೇಸಿಗೆಯ ಕೊನೆಗೆ ಹಿನ್ನೀರು ಇಳಿದಾಗ ಕೆಲವು ಊರುಗಳ ತಳಪಾಯ ಹೊರಗೆ ಕಾಣುತ್ತವೆ. ಮಳೆ ಬಂದು ಹೊಳೆ ತುಂಬುವ ಮೊದಲು ಹೋಗಬೇಕು.

ಮೇ ತಿಂಗಳ ಕೊನೆಯ ವಾರ, ಬೆಳಗಾಗುತ್ತಲೇ ಒಂದು ಟಂಟಂ ಆಟೋ ಮಾಡಿಕೊಂಡು ಮೂವರೂ ಹೊರಟೆವು. ರಸ್ತೆ ಮುಗಿದಲ್ಲಿಂದ ನಡಿಗೆ. ಒಣಗಿದ ಕೆಸರು ಹಂಚಿನ ಹಾಗೆ ಸೀಳಿತ್ತು, ಕಾಲಿಟ್ಟಲ್ಲೆಲ್ಲ ಬಸವನಹುಳುವಿನ ಚಿಪ್ಪು ಪಟಪಟ ಒಡೆಯುತ್ತಿತ್ತು. ಯಾರೋ ಅಲ್ಲಲ್ಲಿ ಕಲ್ಲಂಗಡಿ ಬಳ್ಳಿ ಹಾಕಿದ್ದರು. ದೂರದಲ್ಲಿ ನೀರಿನ ತೆಳು ಪಟ್ಟಿ. ನಡುವೆ ಮೊಣಕಾಲೆತ್ತರದ ಗೋಡೆಗಳು, ನಾನು ಅಂಗಳದಲ್ಲಿ ಸುಣ್ಣದಿಂದ ಎಳೆದದ್ದೇ ಕಲ್ಲಾಗಿ ನಿಂತ ಹಾಗೆ.

ಮಾಸ್ತರರು ಅಗಸಿಯ ಕಡೆಯಿಂದ ಹೊರಟರು. ಶಾಂತಾಬಾಯಿ "ನಾವು ಈ ಕಡೆಯಿಂದ ಬರ್ತಿದ್ವಿ" ಅಂದು ಮೂಡಣ ದಿಕ್ಕಿಗೆ ತಿರುಗಿದರು. ನಾನು ಪುಸ್ತಕ ಹಿಡಿದು ಅವರ ಹಿಂದೆ. ಒಂದು ತಳಪಾಯದ ಮುಂದೆ ನಿಂತು "ಇದು ನಮ್ಮ ದೊಡ್ಡಪ್ಪಂದು," ಮುಂದಿನದಕ್ಕೆ "ಡಪ್ಪ ಬಾರಸಾಂವಂದು," ಅದರ ಮುಂದೆ ಸುಮ್ಮನೆ ನಿಂತು, "ಇದು ನಮ್ದು" ಅಂದರು. ಒಳಗೆ ಕಾಲಿಡಲಿಲ್ಲ. ಹನ್ನೊಂದು ಮನೆ ಬರೆದುಕೊಂಡೆ. 'ಏನೂ ಇದ್ದಿದ್ದಿಲ್ಲ' ಅಂದ ಜಾಗದಲ್ಲಿ ಹನ್ನೊಂದು ಮನೆ.

ಓಣಿ ಮುಗಿದಲ್ಲಿ ಬಾವಿಯ ಗೋಡೆ. ಅದೂ ಮೊಣಕಾಲಿನವರೆಗಷ್ಟೇ ಉಳಿದಿತ್ತು. ನಾನು ಕೆಸರು ಕೆರೆದು ಹುಡುಕಿದೆ. ಸಿಕ್ಕಿತು: ಗೋಡೆಯನ್ನು ಸೀಳಿ ಹೊರಬಂದ ಕಲ್ಲಿನ ತೂಬು, ನಾಲಿಗೆಯ ಹಾಗೆ ಮುಂದಕ್ಕೆ ಚಾಚಿದ್ದು. ಅದರ ಕೆಳಗೆ ಒಂದು ಚಪ್ಪಟೆ ಹಾಸುಗಲ್ಲು. ನಡುವೆ ಬಾನಿ ಕೂರಿಸಲು ಕೊರೆದ ತಗ್ಗು. ಟೇಪು ಹಿಡಿದೆ. ಮೂವತ್ತೆಂಟಕ್ಕೆ ಒಂದು ಗೆರೆ ಹೆಚ್ಚು, ಅಗಲ ಹದಿನೇಳು. "ಸರ್, ಕೂಡ್ತೈತ್ರಿ!" ಅಂತ ಕೂಗಿದೆ. ಕೂಗಿದ್ದು ಜಾಸ್ತಿಯಾಯಿತೇನೋ ಅನಿಸಿ ನಾಚಿದೆ. ಮಾಸ್ತರರು ದೂರದಿಂದಲೇ ತಲೆಯಾಡಿಸಿ ಒಂದು ಕಲ್ಲಿನ ಮೇಲೆ ಕೂತರು.

ಶಾಂತಾಬಾಯಿ ಗೋಡೆಯ ಹೊರಗೆ, ಹಾಸುಗಲ್ಲಿನ ಹತ್ತಿರ ನಿಂತಿದ್ದರು. ಕಾಲೆತ್ತಿದರೆ ಗೋಡೆ ದಾಟಬಹುದಿತ್ತು. ದಾಟಲಿಲ್ಲ. ಗೋಡೆಯ ಗುಂಟ ನಡೆಯುತ್ತ, ಇಡೀ ಸುತ್ತು ಹಾಕಿ, ಆ ಬದಿಗೆ ಬಾಗಿಲಿದ್ದ ಜಾಗ ಹುಡುಕಿದರು. ಹೊಸ್ತಿಲ ಕಲ್ಲು ಇನ್ನೂ ಇತ್ತು. ಚಪ್ಪಲಿ ಕಾಲಲ್ಲೇ ಅದರ ಮೇಲೆ ಹೆಜ್ಜೆ ಇಟ್ಟು ಒಳಗೆ ಹೋದರು.

ಬಾವಿ ಬಾಯಿಯವರೆಗೆ ಹೂಳು ತುಂಬಿತ್ತು. ಕಲ್ಲಿನ ದುಂಡು ಕಟ್ಟೆ ಮಾತ್ರ ಕಾಣುತ್ತಿತ್ತು. ಒಳಗೆ ಒಣಗಿದ ಬೂದು ಕೆಸರು, ಅದರಲ್ಲಿ ಒಂದು ಹಸಿರು ಕಡ್ಡಿ. ಅವರು ಕಟ್ಟೆಯ ಹತ್ತಿರ ಬಗ್ಗಿ ನೋಡಿದರು. ಒಂದು ಬದಿಯಿಂದ ಇನ್ನೊಂದು ಬದಿಗೆ ಕಣ್ಣಲ್ಲೇ ಅಳೆದರು.

"ಇಷ್ಟ ಏನ್ರಿ?" ಅಂದರು.

ಅವರು ಮತ್ತೊಮ್ಮೆ, ಈ ಸಲ ತಮಗೆ ತಾವೇ, "ಇಷ್ಟ ಸಣ್ಣದು," ಅಂದರು. ಚಾಳೀಸು ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡರು.

"ಅಕ್ಕಾರ, ಆ ಟೇಪ ಈ ಕಡೆ ಕೊಡ್ರಿ."

ತೂಬಿನ ರಂಧ್ರದ ಮೂಲಕ ಟೇಪಿನ ಪಟ್ಟಿಯನ್ನು ಒಳಗೆ ತೂರಿಸಿದೆ. ಅವರು ಅದರ ತುದಿ ಹಿಡಿದು ಎಳೆದುಕೊಂಡು ಹೋಗಿ ಬಾವಿಯ ಕಟ್ಟೆಗೆ ಒತ್ತಿದರು. ನಾನು ಹೊರಗೆ, ಅವರ ತಾಯಿ ಕೊಡ ಇಡುತ್ತಿದ್ದಲ್ಲಿ, ಮಂಡಿಯೂರಿ ಟೇಪಿನ ಡಬ್ಬಿ ಹಿಡಿದೆ. "ಎಷ್ಟ್ರಿ?" ಅಂತ ಕೇಳಿದರು. ಓದಿದೆ. ನಂಬಿಕೆ ಬರಲಿಲ್ಲವೇನೋ, ಅಲ್ಲೇ ಒಂದು ಕಲ್ಲು ಹೇರಿ ತುದಿ ಬಿಗಿ ಮಾಡಿ, ಗೋಡೆಯ ಗುಂಟ ಮತ್ತೆ ಸುತ್ತು ಹಾಕಿ ಹೊರಗೆ ಬಂದು, ನನ್ನ ಪಕ್ಕ ಕೂತು, ಟೇಪನ್ನು ಕಣ್ಣಿನ ಹತ್ತಿರ ಹಿಡಿದು ತಾವೇ ಓದಿದರು.

"ಆರೂವರಿ ಅಡಿ," ಅಂದರು. "ಬರಕೋರಿ ಅಕ್ಕಾರ. ಬಾವಿಯಿಂದ ಬಾನಿಗೆ ಆರೂವರಿ ಅಡಿ."

ಬರೆದುಕೊಂಡೆ. ಅವರು ನನ್ನ ಹೆಗಲ ಮೇಲಿಂದ ಬಗ್ಗಿ, ಅಂಕಿ ಸರಿಯಾಗಿ ಬಿದ್ದಿದೆಯೋ ಇಲ್ಲವೋ ನೋಡಿದರು.